ಕರಿಬಸವಯ್ಯನ ಬಲಗೈಗೆ ಹೊರೆ ಎಸೆದವರು

ಚಿಕ್ಕಮಲ್ಲಮ್ಮನವರ ಬಗ್ಗೆ ನಾಲ್ಕು ಜನಕ್ಕೆ ಗೊತ್ತಾಗಬೇಕು. ನಲವತ್ನಾಲ್ಕು ವರ್ಷದ ಹೆಂಗಸು, ಗಂಡನ ಕೆಲಸ ಉಳಿಯಬೇಕು ಅಂತ, ಯಾವತ್ತೂ ಹೆಸರೇ ಕೇಳದ ಒಂದು ಆಟಕ್ಕೆ ಹೋಗಿ ನಿಂತರು. ಅಳಲಿಲ್ಲ, ಯಾರ ಕಾಲೂ ಹಿಡಿಯಲಿಲ್ಲ. ಕವೆಗೋಲು ಹಿಡಿದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಲ್ಲಿನ ಲಾರಿ ಓಡಿಸುವವನು. ಗುಂಡ್ಲುಪೇಟೆಯಲ್ಲಿ ಹುಲ್ಲು ತುಂಬಿಕೊಂಡು, ಬಂಡೀಪುರ ದಾಟಿ, ಗೂಡಲೂರು ಕಡೆಯ ದನದ ಕೊಟ್ಟಿಗೆಗಳಿಗೆ ಇಳಿಸಿ ಬರುತ್ತೇನೆ. ಚಿಕ್ಕಮಲ್ಲಮ್ಮ ಮತ್ತು ಅವರ ಗಂಡ ಕರಿಬಸವಯ್ಯ ಇಬ್ಬರೂ ಆ ಲಾರಿ ತುಂಬುವ ಗುಂಪಿನವರು. ಅವರ ಊರು ಗುಂಡ್ಲುಪೇಟೆ ಪಕ್ಕದ ಮದ್ದೂರಿನ ಹತ್ತಿರ, ಕಾಡಿನ ಅಂಚು. ಅಲ್ಲಿ ಹುಲ್ಲಿನ ಮೆದೆಯನ್ನು ನೆಲದ ಮೇಲೆ ಒಟ್ಟುವುದಿಲ್ಲ. ಜಿಂಕೆ, ಕಡವೆ ತಿಂದು ಹಾಕುತ್ತವೆ. ನಾಲ್ಕು ಕಲ್ಲುಕಂಬ ನೆಟ್ಟು, ಮೇಲೆ ಮರ ಹಾಸಿ, ಅದರ ಮೇಲೆ ಒಟ್ಟುತ್ತಾರೆ. ಗಂಡ ಮೇಲೆ ನಿಲ್ಲುತ್ತಿದ್ದ, ಹೆಂಡತಿ ಕೆಳಗಿಂದ ಎಸೆಯುತ್ತಿದ್ದರು. ಮದುವೆಯಾದ ವರ್ಷದಿಂದ ಹಾಗೇ.

ಆದರೆ ಲಾರಿಯ ಹತ್ತಿರ ಹೆಂಗಸರಿಗೆ ಹೊರೆ ಕಟ್ಟುವ ಕೆಲಸ ಮಾತ್ರ. ಎಸೆಯುವವರು ಗಂಡಸರು. ಲಾರಿಯ ಒಂದೊಂದು ಮೂಲೆಗೆ ಒಬ್ಬೊಬ್ಬ ನಿಲ್ಲುತ್ತಾನೆ. ತುದಿಯಲ್ಲಿ ಎರಡು ಕವಲಿರುವ ಉದ್ದನೆಯ ಕೋಲು, ಅದೇ ಕವೆಗೋಲು. ಅದಕ್ಕೆ ಹೊರೆ ಚುಚ್ಚಿ ಮೇಲಕ್ಕೆ ಹಾಕುತ್ತಾನೆ. ಮೇಲೆ ಒಬ್ಬ ಹಿಡಿದು, ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಜೋಡಿಸುತ್ತಾನೆ. ಹಿಡಿದಾಗಲೆಲ್ಲ ಅವನು ‘ಬಂತು’ ಅಂತ ಕೂಗಬೇಕು. ಕೂಗಿದ ಮೇಲೆ ಮುಂದಿನ ಹೊರೆ. ಎಸೆದ ಹೊರೆ ಲಾರಿಯನ್ನೇ ದಾಟಿ ಆಚೆ ಪಕ್ಕ ಬಿತ್ತೋ, ಎಸೆದವನ ಮಾನ ಹೋಯಿತು. ಅವನೇ ಸುತ್ತು ಹಾಕಿಕೊಂಡು ಹೋಗಿ, ಅದನ್ನು ತಲೆ ಮೇಲೆ ಹೊತ್ತು ತರಬೇಕು. ಉಳಿದವರು ಸಿಳ್ಳೆ ಹೊಡೆಯುತ್ತಾರೆ. ಚಿಕ್ಕಮಲ್ಲಮ್ಮ ತಮ್ಮ ಮೆದೆಯ ಮೇಲಿಂದ ಒಂದು ಹೊರೆಯನ್ನೂ ಆಚೆ ಬೀಳಿಸಿದವರಲ್ಲ. ಅದು ಅವರ ಹೆಮ್ಮೆ.

ಮೇಲೆ ಜೋಡಿಸುವುದರಲ್ಲಿ ಕರಿಬಸವಯ್ಯನನ್ನು ಮೀರಿಸುವವರು ಇಲ್ಲ. ಅವನು ಜೋಡಿಸಿದ ಲೋಡು ಯಾವ ತಿರುವಿನಲ್ಲೂ ವಾಲುವುದಿಲ್ಲ. ಆದರೆ ಎರಡು ವರ್ಷದ ಹಿಂದೆ ಬಿದ್ದು ಅವನ ಎಡ ಭುಜಕ್ಕೆ ಏಟಾಯಿತು. ಆ ಕೈ ಕಿವಿಗಿಂತ ಮೇಲೆ ಏಳುವುದಿಲ್ಲ. ಬಲಗೈಯಲ್ಲಿ ಹಿಡಿದು ಎದೆಗೆ ಒತ್ತಿಕೊಳ್ಳುತ್ತಾನೆ. ಹುಡುಗರು ಬಿರುಸಾಗಿ ಎಸೆದರೆ ಜಾರಿಹೋಗುತ್ತದೆ.

ಈ ಜನವರಿಯಲ್ಲಿ ಒಂದೇ ದಿನ ಏಳು ಹೊರೆ ಜಾರಿದವು. ಮೇಸ್ತ್ರಿ ರಂಗಸ್ವಾಮಿ ಲಾರಿ ಕೆಳಗೆ ನಿಂತು ಕೂಗಿದ.

“ಕರಿಬಸವಯ್ಯ, ಸಾಕು ಇಳಿ. ಮುಂದಿನ್ ತಿಂಗ್ಳಿಂದ ಅಗ್ಗ ಸುತ್ಕಂಡು ಕೂತ್ಕೊ. ಮೇಲ್ಕೆ ಬ್ಯಾರೆಯವ್ರನ್ನ ಅತ್ತುಸ್ತೀನಿ.”

“ನಾನು ಇಳಿದ್ರೆ ನಿನ್ ಲೋಡು ಗೂಡ್ಲೂರು ಕಾಣಾಕಿಲ್ಲ ಕಣ್ಲಾ. ದಾರೀಲೇ ಮಕಾಡೆ ಮಲಗ್ತದೆ” ಅಂದ ಕರಿಬಸವಯ್ಯ. ಆದರೆ ದನಿಯಲ್ಲಿ ಜೋರಿರಲಿಲ್ಲ.

ಹೊರೆ ಕಟ್ಟುತ್ತಿದ್ದ ಚಿಕ್ಕಮಲ್ಲಮ್ಮ ಎದ್ದು ಬಂದರು.

“ಅವರ್ ಕೈದು ಏನೂ ತೆಪ್ಪಿಲ್ಲ ರಂಗಸ್ವಾಮಣ್ಣ. ನಿಮ್ ಐಕ್ಳು ಕಲ್ಲು ಬೀಸ್ದಂಗೆ ಬೀಸ್ತವೆ. ನನ್ ಕೈಗೆ ಕವೆಗೋಲು ಕೊಡಿ. ಒಂದೊಂದು ಒರೆನೂ ಅವರ ಬಲಗೈ ಮೇಲೇ ಕೂರುಸ್ತೀನಿ.”

ಎಸೆಯುವ ಮಾದೇಶ ನಕ್ಕ. “ಅಕ್ಕೋ, ಇದು ಮಜ್ಗೆ ಕಡಿಯೋ ಕಡ್ಡಿ ಅಲ್ಲ.”

“ನಿನ್ ಎಸೆತ ನೋಡಿದ್ರೆ ಅದೂ ನಿಂಗೆ ಬರಾಕಿಲ್ಲ ಬುಡ್ಲಾ” ಅಂದರು. ಮಾದೇಶನ ಪಕ್ಕದಲ್ಲಿದ್ದವರೇ ಜೋರಾಗಿ ನಕ್ಕರು.

ರಂಗಸ್ವಾಮಿ ಕೆಟ್ಟವನಲ್ಲ. ಲಾರಿಯ ಎತ್ತರ ನೋಡಿದ. “ಕೆಳಗಿನ ಸುತ್ತಿಗೆ ಯಾರಾದ್ರೂ ಎಸೀತಾರೆ ಕಣಮ್ಮ. ಕೊನೆ ಸುತ್ತು ಅದಿನೈದಡಿ ಮೇಲೆ ಅದೆ. ಎಂಗಸ್ರಿಗೆ ಅಷ್ಟೆತ್ತರ ಆಯ್ತದಾ? ಲಾರಿ ಒರಡೋ ಒತ್ನಲ್ಲಿ ಪರೀಕ್ಷೆ ಮಾಡ್ಕಂಡು ಕೂರಾಕಾಗಾಕಿಲ್ಲ.”

ಆಗ ನಾನು ಬಾಯಿ ಬಿಟ್ಟೆ. ಗೂಡಲೂರಿನ ಮೇಲಿನ ಒಂದು ಟೀ ಎಸ್ಟೇಟಿಗೆ ನಾನು ಹುಲ್ಲು ಇಳಿಸುತ್ತೇನೆ. ಅಲ್ಲಿಯ ಮೈದಾನದಲ್ಲಿ ಫೆಬ್ರವರಿಯಲ್ಲಿ ಸ್ಕಾಟ್ಲೆಂಡ್ ದೇಶದ ಭಾರದ ಆಟಗಳನ್ನು ಆಡುತ್ತಾರೆ. ಕಲ್ಲು ಎಸೆಯುವುದು, ಉದ್ದನೆಯ ಮರದ ದಿಮ್ಮಿಯನ್ನು ನಿಲ್ಲಿಸಿ ಎತ್ತಿ ಮಗುಚಿ ಹಾಕುವುದು, ಹೀಗೆ. ಅದರಲ್ಲಿ ಹುಲ್ಲು ತುಂಬಿದ ಗೋಣಿಚೀಲವನ್ನು ಕವೆಗೋಲಿನಿಂದ ಎತ್ತಿ, ಎತ್ತರದಲ್ಲಿ ಅಡ್ಡ ಇಟ್ಟ ಕಂಬಿಯ ಮೇಲಿಂದ ದಾಟಿಸುವುದೂ ಒಂದು ಆಟ. ಹೆಂಗಸರಿಗೂ ಉಂಟು. ಪಳಗಿದ ಆಟಗಾರರೇ ಆಗಬೇಕೆಂದಿಲ್ಲ, ಯಾರು ಬೇಕಾದರೂ ಹೆಸರು ಕೊಡಬಹುದು. ಎತ್ತರವನ್ನು ಟೇಪು ಹಿಡಿದು ಅಳೆಯುತ್ತಾರೆ.

ರಂಗಸ್ವಾಮಿಗೆ ಅದು ತಮಾಷೆ ಅನ್ನಿಸಿತು. “ಸರಿ. ಅಲ್ಲಿ ಅದಿನಾರಡಿ ದಾಟ್ಸ್ಕಂಡು ಬಾ. ಒಂದು ಮೂಲೆ ನಿಂದು. ನಿನ್ ಗಂಡನೂ ಮೇಲೇ ಇರ್ಲಿ.”

“ಎಲ್ರೂ ಕೇಳಿಸ್ಕಂಡ್ರಾ?” ಅಂತ ಚಿಕ್ಕಮಲ್ಲಮ್ಮ ಸುತ್ತ ನೋಡಿದರು. ಎಲ್ಲರೂ ಕೇಳಿಸಿಕೊಂಡಿದ್ದರು.

ಹದಿನೈದು ದಿನ ಅಭ್ಯಾಸ ಮಾಡಿದರು. ಕೆಲಸದಿಂದ ಬಂದು, ದನ ಕಟ್ಟಿ, ಮೆದೆ ಹತ್ತಿರ ನಿಲ್ಲುತ್ತಿದ್ದರು. ಕರಿಬಸವಯ್ಯ ಮೆದೆ ಮೇಲೆ ಹತ್ತುತ್ತಿದ್ದ. ದಿನಕ್ಕೊಂದು ಸುತ್ತು ಎತ್ತರ ಮಾಡುತ್ತಾ ಹೋದರು. ಕೊನೆಗೆ ಮೆದೆ ಅವರ ಮನೆಯ ಹೆಂಚಿಗಿಂತ ಮೇಲೆ ಹೋಯಿತು. ಹೊರೆ ತಪ್ಪದೆ ಅವನ ಬಲಗೈಗೆ ಹೋಗಿ ಕೂರುತ್ತಿತ್ತು. ನಾನೂ ನೋಡಿದೆ, ಗೆದ್ದಂಗೇ ಅಂದುಕೊಂಡೆ. ಎರಡು ಗಳ ನೆಟ್ಟು ಅಡ್ಡ ಒಂದು ಕಟ್ಟಿ ನೋಡಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎತ್ತರ ಇದ್ದರೆ ಸಾಕು ಅಂದುಕೊಂಡೆವು. ತಪ್ಪಾಗಿದ್ದು ಅಲ್ಲೇ.

ಭಾನುವಾರ ಬೆಳಗ್ಗೆ ಬಂಡೀಪುರದ ಗೇಟು ತೆಗೆಯುತ್ತಿದ್ದ ಹಾಗೆ ಹೊರಟೆವು. ಮೂವರೂ ಲಾರಿಯ ಮುಂದೆಯೇ ಕೂತೆವು. ಚಿಕ್ಕಮಲ್ಲಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡಿದ್ದರು.

ಮೈದಾನದಲ್ಲಿ ಗಂಡಸರೆಲ್ಲ ಸ್ಕಾಟ್ಲೆಂಡಿನವರ ಹಾಗೆ ಮಂಡಿಯವರೆಗೆ ಚೌಕಳಿ ಲಂಗ ಉಟ್ಟು ಓಡಾಡುತ್ತಿದ್ದರು. ಕರಿಬಸವಯ್ಯ ಲಾರಿ ಇಳಿಯದೆ ನೋಡಿದ.

“ಏನಮ್ಮಿ ಇದು, ಗಂಡಸ್ರೆಲ್ಲ ಲಂಗ ಆಕ್ಕಂಡವ್ರೆ!”

“ನಿಮ್ಗೂ ಒಂದು ಒಲಿಸ್ಕೊಡ್ಲಾ? ಇಳೀರಿ ಸುಮ್ಕೆ.”

ಹೆಸರು ಬರೆದುಕೊಳ್ಳುತ್ತಿದ್ದವರು ಗುರುಸ್ವಾಮಿ. ಎಸ್ಟೇಟಿನ ಶಾಲೆಯ ಪಿ.ಟಿ. ಮೇಷ್ಟ್ರು. ಅರ್ಧ ಕನ್ನಡ, ಅರ್ಧ ತಮಿಳು ಮಾತಾಡುತ್ತಾರೆ. ಆಡುವವರು ಸೊಂಟಕ್ಕೆ ಚೌಕಳಿ ಬಟ್ಟೆ ಕಟ್ಟಲೇಬೇಕು, ಅದು ನಿಯಮ ಅಂದರು. ನನ್ನ ಸೀಟಿನ ಹಿಂದೆ ಒಗೆದ ಲುಂಗಿ ಇತ್ತು. ನೀಲಿ ಚೌಕಳಿ. ಚಿಕ್ಕಮಲ್ಲಮ್ಮ ಸೀರೆ ಎತ್ತಿ ಸಿಕ್ಕಿಸಿ, ಅದರ ಮೇಲೆ ಲುಂಗಿಯನ್ನು ಬಿಗಿಯಾಗಿ ಸುತ್ತಿಕೊಂಡರು. ಗುರುಸ್ವಾಮಿ ಒಂದು ಸಲ ಮೇಲಿಂದ ಕೆಳಗೆ ನೋಡಿದರು.

“ಚೆಕ್ಸ್ ತಾನೆ? ಓಕೆ. ಪೋ ಅಮ್ಮಾ.”

ಹೆಂಗಸರು ಆರು ಜನ. ಚೀಲದ ತೂಕ ನಾಲ್ಕೂವರೆ ಕೆಜಿ. ಚಿಕ್ಕಮಲ್ಲಮ್ಮ ಅದನ್ನು ಎತ್ತಿ ನೋಡಿ ನಕ್ಕರು. “ಇದೇನು, ಮಗೀನ್ ತಲೆದಿಂಬಾ?” ಅವರು ದಿನಾ ಕಟ್ಟುವ ಹೊರೆ ಹನ್ನೆರಡು ಕೆಜಿ ತೂಗುತ್ತದೆ.

ಕಂಬಿ ಮೊದಲು ಹನ್ನೆರಡು ಅಡಿಗೆ ಇಟ್ಟರು. ಒಂದೊಂದು ಎತ್ತರಕ್ಕೆ ಮೂರು ಸಲ ಅವಕಾಶ. ಮೂರೂ ತಪ್ಪಿದರೆ ಆಟದಿಂದ ಹೊರಗೆ. ಉಳಿದ ಐವರು ಮೊದಲ ಸಲಕ್ಕೇ ದಾಟಿಸಿಬಿಟ್ಟರು.

ಚಿಕ್ಕಮಲ್ಲಮ್ಮ ಎಸೆದರು. ಚೀಲ ಕಂಬಿಗಿಂತ ಒಂದಾಳು ಮೇಲೆ ಹೋಯಿತು. ಜನ ಓ ಅಂದರು. ಅದು ಮೇಲೆ ಹೋಗಿ, ಒಂದು ಗಳಿಗೆ ನಿಂತ ಹಾಗೆ ಆಗಿ, ನೆಟ್ಟಗೆ ಈಚೆಗೇ ಬಿತ್ತು. ಅವರ ಕಾಲಿನಿಂದ ಎರಡು ಮಾರು ದೂರ ಅಷ್ಟೆ.

ಎರಡನೆಯದು ಇನ್ನೂ ಎತ್ತರ ಹೋಯಿತು. ಅದೂ ಈಚೆಗೇ ಬಿತ್ತು. ಯಾರೋ ನಕ್ಕರು.

“ಅಮ್ಮಾ, ಇನ್ನು ಒಂದೇ ಒಂದು ಚಾನ್ಸ್” ಅಂದರು ಗುರುಸ್ವಾಮಿ. “ಎತ್ತರ ಸೂಪರ್. ಆದ್ರೆ ಆಚೆ ಹೋಗಬೇಕಲ್ಲಾ?”

ಚಿಕ್ಕಮಲ್ಲಮ್ಮ ಕವೆಗೋಲು ಊರಿಕೊಂಡು ನಿಂತರು. ಮುಖದಲ್ಲಿ ಬೆವರು. “ಕೈ ಆಚೆಗೆ ಬುಡಾಕಿಲ್ಲ ಅಂತದೆ ಡ್ರೈವರಣ್ಣ” ಅಂದರು. “ಎಸೆಯೋವಾಗ ಕೈ ಅದಾಗೇ ಇಡಿದ್ಕತದೆ.”

ಯಾಕೆ ಅಂತ ಕರಿಬಸವಯ್ಯನಿಗೆ ತಿಳಿಯಿತು.

“ಅವ್ಳು ನನ್ ಕೈಗೆ ಎಸೀತಾವ್ಳೆ” ಅಂದ. “ನಾನು ಕಂಬಿ ಮೇಲೆ ನಿಂತಿವ್ನಿ ಅಂತ ಎಸೀತಾವ್ಳೆ. ಆಚೆ ಬೀಳ್ಕೂಡ್ದು ಅಂತ.”

ಅಷ್ಟು ಹೇಳಿ ಹೊರಟೇಬಿಟ್ಟ. ಮೈದಾನದ ಸುತ್ತ ಕಟ್ಟಿದ್ದ ಹಗ್ಗದ ಹೊರಗಿಂದ ಸುತ್ತಿಕೊಂಡು, ಕಂಬಿಯ ಆಚೆ ಕಡೆ ದೂರದಲ್ಲಿ, ಹೆಂಡತಿಗೆ ನೇರವಾಗಿ ನಿಂತ. ಗುರುಸ್ವಾಮಿ ವಿಸಿಲ್ ಊದಿದರು.

“ಅಯ್ಯಾ, ಹಗ್ಗ ದಾಟಬಾರದು!”

“ದಾಟಾಕಿಲ್ಲ ಸಾ. ನಿಂತ್ಕಂಡಿರ್ತೀನಿ, ಅಷ್ಟೇಯ.”

ಅದಕ್ಕೆ ನಿಯಮದಲ್ಲಿ ಅಡ್ಡಿ ಇರಲಿಲ್ಲ. ಗುರುಸ್ವಾಮಿ ಸರಿ ಅಂತ ಕೈ ಮಾಡಿದರು.

ಕರಿಬಸವಯ್ಯ ಬಲಗೈ ಎತ್ತಿದ. ಲಾರಿ ಮೇಲೆ ಎತ್ತುವ ಹಾಗೇ, ಅಂಗೈ ಮುಂದೆ ಮಾಡಿ. “ಮೆದೆ ಇಲ್ಲಿಗೆ ಬಂತು ಕಣಮ್ಮಿ! ಕಂಬಿ ನೋಡ್ಬ್ಯಾಡ. ಇಲ್ಲಿಗೆ ಕೊಡು!”

ಚಿಕ್ಕಮಲ್ಲಮ್ಮ ಕಂಬಿ ನೋಡಲಿಲ್ಲ. ಆ ಕೈ ಒಂದನ್ನೇ ನೋಡಿದರು. ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತರು. ಚೀಲ ಚುಚ್ಚಿ, ಮಂಡಿ ಬಗ್ಗಿಸಿ, ಸೊಂಟದಿಂದ ಎತ್ತಿ ಬಿಟ್ಟರು. ಚೀಲ ಕಂಬಿಯ ಮೇಲೆ ಮೂರಡಿ ಬಿಟ್ಟು ದಾಟಿ, ಆಚೆ ಹುಲ್ಲಿನ ಮೇಲೆ ಧೊಪ್ ಅಂತ ಬಿತ್ತು.

“ಬಂತು!” ಅಂತ ಕರಿಬಸವಯ್ಯ ಕೂಗಿದ. ಕಾಡಿಗೆಲ್ಲ ಕೇಳಿಸುವ ಹಾಗೆ ಕೂಗಿದ.

ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಹದಿಮೂರು, ಹದಿನಾಲ್ಕು, ಹದಿನೈದು, ಎಲ್ಲ ಮೊದಲ ಸಲಕ್ಕೇ. ಒಂದೊಂದು ಸಲವೂ ಆಚೆಯಿಂದ ‘ಬಂತು’ ಅನ್ನುವ ಕೂಗು. ಹದಿನೈದು ಆಗುವಾಗ ನೋಡುವ ಜನವೂ ಸೇರಿ ಕೂಗುತ್ತಿದ್ದರು. ತಮಿಳರು, ಮಲಯಾಳಿಗಳು, ಯಾರೋ ಬಿಳಿಯರು, ಎಲ್ಲರ ಬಾಯಲ್ಲೂ ‘ಬಂತು.’

ಹದಿನಾರಕ್ಕೆ ಒಂದು ಸಲ ಚೀಲ ಕಂಬಿಗೆ ತಾಗಿತು, ಕಂಬಿ ಉರುಳಿತು. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು, “ಕೈ ಜಾರ್ತು. ಎತ್ತರದ್ದೇನೂ ತೊಂದ್ರೆ ಇಲ್ಲ” ಅಂದರು. ಎರಡನೆಯ ಸಲ ದಾಟಿಸಿದರು. ಗುರುಸ್ವಾಮಿ ಟೇಪು ಹಿಡಿದು ಅಳೆದು, ಬರೆದುಕೊಂಡರು.

“ಓಗನ ಬಾ, ಸಾಕು. ಮೇಸ್ತ್ರಿ ಯೋಳಿದ್ದು ಆಯ್ತಲ್ಲ” ಅಂದ ಕರಿಬಸವಯ್ಯ ಹಗ್ಗದ ಆಚೆಯಿಂದ.

“ನಿಮ್ಗೆ ಕೈ ನೋವಾ? ಇಳಿಸ್ಬ್ಯಾಡಿ, ಇಡ್ಕಳಿ” ಅಂದರು ಚಿಕ್ಕಮಲ್ಲಮ್ಮ.

ಹದಿನೆಂಟು ಅಡಿವರೆಗೆ ದಾಟಿಸಿದರು. ಹತ್ತೊಂಬತ್ತಕ್ಕೆ ಆಗಲಿಲ್ಲ. ಗೆದ್ದವಳು ಕೋಟಗಿರಿಯ ಶಿವರಂಜಿನಿ. ವ್ಯಾಯಾಮ ಶಾಲೆ ನಡೆಸುವ ಹುಡುಗಿ, ಇಪ್ಪತ್ತೊಂದು ದಾಟಿಸಿದಳು. ಚಿಕ್ಕಮಲ್ಲಮ್ಮ ಎರಡನೆಯವರು. ಶಿವರಂಜಿನಿ ಬಂದು ಅವರ ತೋಳು ಮುಟ್ಟಿ ನೋಡಿ, “ಯಾವ ಜಿಮ್ ಆಂಟಿ?” ಅಂತ ಕೇಳಿದಳು. “ಮದ್ದೂರು” ಅಂದರು ಇವರು.

ಸೋಮವಾರ ರಂಗಸ್ವಾಮಿಯ ಮುಂದೆ ಸರ್ಟಿಫಿಕೇಟು ಇಟ್ಟರು. ಅವನು ಎರಡು ಸಲ ಓದಿದ. “ಅದಿನೆಂಟಡಿ, ನಿಜ. ಆದ್ರೆ ಚೀಲ ನಾಲ್ಕೂವರೆ ಕೇಜಿ ಅಂತ ಬರ್ದವ್ರೆ. ನಮ್ ಒರೆ ಅನ್ನೆರಡು.”

ಮಾತು ನ್ಯಾಯವಾದದ್ದೇ. ಚಿಕ್ಕಮಲ್ಲಮ್ಮ ಜಗಳಕ್ಕೆ ಹೋಗಲಿಲ್ಲ. ಮಾದೇಶನ ಕೈಯಿಂದ ಕವೆಗೋಲು ತೆಗೆದುಕೊಂಡರು. ಲಾರಿ ಮುಕ್ಕಾಲು ತುಂಬಿತ್ತು. ಕೊನೆ ಸುತ್ತು ಬಾಕಿ. ಕರಿಬಸವಯ್ಯ ಮೇಲೆ ಬಲಗೈ ಎತ್ತಿ ನಿಂತಿದ್ದ.

ಕೊನೆ ಸುತ್ತಿನ ಅರವತ್ತು ಹೊರೆಯನ್ನೂ ಅವರೊಬ್ಬರೇ ಎಸೆದರು. ಮೊದಲ ಹತ್ತಕ್ಕೆ ಗಂಡಸರು ಮಾತಾಡುತ್ತಾ ನೋಡಿದರು. ಆಮೇಲೆ ಅವರೇ ಲೆಕ್ಕ ಎಣಿಸತೊಡಗಿದರು. ಒಂದೂ ಜಾರಲಿಲ್ಲ.

“ಹಿಂದ್ಗಡೆ ಎಡ ಮೂಲೆ ನಿಂದು” ಅಂದ ರಂಗಸ್ವಾಮಿ. ಆಮೇಲೆ ತಲೆ ಎತ್ತಿ, “ಲೇ ಕರಿಬಸವಯ್ಯ, ಅಗ್ಗ ಎಸೀತೀನಿ, ಬಿಗೀಲಾ. ಒತ್ತಾಯ್ತು” ಅಂದ.

ಈಗ ಆ ಮೂಲೆಯಲ್ಲಿ ಅವರೇ ನಿಲ್ಲುತ್ತಾರೆ. ಹೊರೆ ಕಟ್ಟುವ ಹೆಂಗಸರಲ್ಲಿ ಇನ್ನಿಬ್ಬರು ಸಂಜೆ ಅವರ ಮೆದೆ ಹತ್ತಿರ ಹೋಗಿ ಕಲಿಯುತ್ತಿದ್ದಾರೆ. ಒಬ್ಬಳು ಸಣ್ಣಮ್ಮ, ಹದಿನಾಲ್ಕು ಅಡಿಗೆ ಬಂದಿದ್ದಾಳೆ. ಬರುವ ಫೆಬ್ರವರಿಗೆ ಮೂವರೂ ಹೆಸರು ಕೊಟ್ಟಿದ್ದಾರೆ.

ಗುಂಡ್ಲುಪೇಟೆ ಕಡೆ ಬಂದರೆ ದಯಮಾಡಿ ಅವರನ್ನು ನೋಡಿ. ಜನವರಿಯಿಂದ ಮಾರ್ಚ್ ಕೊನೆಯವರೆಗೆ, ಬೆಳಗ್ಗೆ ಏಳಕ್ಕೆಲ್ಲ ಊಟಿ ರಸ್ತೆಯಲ್ಲಿ ಹುಲ್ಲಿನ ಲಾರಿಗಳು ನಿಂತಿರುತ್ತವೆ. ಯಾರನ್ನು ಕೇಳಿದರೂ ತೋರಿಸುತ್ತಾರೆ. ಫೋಟೊ ತೆಗೆದುಕೊಂಡು ಹಾಗೇ ಹೋಗಬೇಡಿ. ಇಳಿದು ಮಾತಾಡಿಸಿ. ನಿಮ್ಮ ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬನ್ನಿ. ಕೇಳಿದರೆ ಅವರ ಕೈಗೂ ಕವೆಗೋಲು ಕೊಡುತ್ತಾರೆ. ಸ್ವಲ್ಪ ಬೈಯುತ್ತಾರೆ, ಆದರೆ ಚೆನ್ನಾಗಿ ಕಲಿಸುತ್ತಾರೆ.