ಬಾಗಿಲಿಗೆ ಕಟ್ಟಿದ ಗಂಟು

ಸವಣೂರಿನ ಹಾಜರಾಬಿ ಕಟ್ಟಡದ ಕೆಲಸ ನಡೆಸಲು ನಿಂತದ್ದು ೧೯೭೯ರ ಬೇಸಿಗೆಯಲ್ಲಿ. ಗಂಡ ಹುಸೇನಸಾಬ ಗವಂಡಿಗಳ ಮೇಸ್ತ್ರಿ. ಹಾನಗಲ್ಲಿನಲ್ಲಿ ಒಂದು ವಿದ್ಯಾರ್ಥಿನಿಲಯ ಕಟ್ಟಲು ಒಪ್ಪಿಕೊಂಡಿದ್ದ. ಗೋಡೆ ಎದ್ದು, ಸ್ಲ್ಯಾಬು ಹಾಕಿ ಮುಗಿದಿತ್ತು. ಅಷ್ಟರಲ್ಲಿ ಅವನು ಗವಂಡಿಗಳು ನಿಲ್ಲಲು ಕಟ್ಟಿದ್ದ ಪರಂಚಿಯ ಹಲಗೆ ಜಾರಿ ಬಿದ್ದು ಕಾಲು ಮುರಿದುಕೊಂಡ.

ಕೆಲಸ ಬೇರೆಯವರಿಗೆ ಒಪ್ಪಿಸುವ ಮಾತು ಬಂದಾಗ ಹಾಜರಾಬಿ, "ಬ್ಯಾಡ. ನಾ ಹೋಗಿ ನಿಂದರತೇನಿ" ಎಂದಳು.

"ನಿನ್ನ ಮಾತು ಯಾರ ಕೇಳ್ತಾರ?"

"ಕೇಳೂ ಹಂಗ ಹೇಳ್ತೇನಿ."

ಮದುವೆಯಾದಾಗಿನಿಂದ ಗಂಡನ ಕೆಲಸಗಳಲ್ಲಿ ನೀರು ಹೊತ್ತು, ಗೋಡೆಗೆ ನೀರುಣಿಸಿ, ಯಾವುದಾದ ಮೇಲೆ ಯಾವುದು ಎಂಬುದನ್ನು ಅವಳು ನೋಡುತ್ತಲೇ ಬಂದಿದ್ದಳು. ಆದರೆ ಹಾನಗಲ್ಲಿಗೆ ಬಂದ ಮೊದಲ ವಾರವೇ ತೊಡಕು ಶುರುವಾಯಿತು. ಎದುರುಬದುರು ಎರಡು ಸಾಲು ಕೋಣೆ, ಎಲ್ಲವೂ ಒಂದೇ ಅಚ್ಚು. ವೈರಿನ ಕೆಲಸದ ಮಜೀದ ಶಿಗ್ಗಾವಿಯಿಂದ ಬರುತ್ತಿದ್ದ, ಬಡಿಗ ಇನ್ನೆಲ್ಲಿಂದಲೋ. ಯಾವ ಕೋಣೆಯಲ್ಲಿ ಏನು ಮುಗಿದಿದೆ, ಏನು ಉಳಿದಿದೆ ಎಂದು ಒಬ್ಬೊಬ್ಬರದು ಒಂದೊಂದು ಮಾತು. ಅರ್ಧ ಬೆಳಗು ಕೇಳಿ ಹೇಳುವುದರಲ್ಲೇ ಕಳೆಯುತ್ತಿತ್ತು.

ಅವಳ ಅಪ್ಪ ದಸ್ತಗೀರಸಾಬನದು ಸವಣೂರಿನಲ್ಲಿ ಹೊಲಿಗೆ ಅಂಗಡಿ. ಭಾನುವಾರ ಊರಿಗೆ ಹೋದವಳು ಒಂದು ಚೀಲ ಚಿಂದಿ ತಂದಳು. ಪ್ರತಿ ಕೋಣೆಯ ಚೌಕಟ್ಟಿಗೆ ಒಂದು ಪಟ್ಟಿ ಕಟ್ಟಿ, ಎಲ್ಲರನ್ನೂ ಕರೆದು ಹೇಳಿದಳು: "ಕೆಂಪು ಇದ್ರ ಒಳಗಿನ ಕೆಲಸ ಬಾಕಿ ಐತಿ, ಮುಂದಿನವ್ರು ಕಾಲಿಡಬ್ಯಾಡ್ರಿ. ಹಳದಿ ಇದ್ರ ನಡದೈತಿ. ಹಸರು ಇದ್ರ ಮುಗದೈತಿ, ನಾ ನೋಡೇನಿ, ಮುಂದಿನವ್ರು ಹೋಗ್ರಿ. ಪಟ್ಟಿ ಬದಲು ಮಾಡಾಕಿ ನಾ ಒಬ್ಬಾಕಿನ."

ಕೆಲವರು ನಕ್ಕರು. ನಾಲ್ಕು ದಿನ ಹೋದ ಮೇಲೆ ನಗುವವರು ಯಾರೂ ಉಳಿಯಲಿಲ್ಲ. ಮಜೀದ ಬಸ್ಸಿಳಿದವನೇ ಸಾಲಿನ ತುದಿಯಲ್ಲಿ ನಿಂತು ಒಮ್ಮೆ ಕಣ್ಣಾಡಿಸಿ, ಯಾರನ್ನೂ ಕೇಳದೆ ತನ್ನ ಕೋಣೆಗೆ ಹೋಗತೊಡಗಿದ.

ಕೆಟ್ಟದ್ದು ಶೇಖಸಾಬನಿಂದ. ಗೋಡೆಗೆ ಸಿಮೆಂಟಿನ ಗಿಲಾವು ಮಾಡುವುದರಲ್ಲಿ ಅವನಂಥ ಕೈ ಸುತ್ತಲಿನ ಊರುಗಳಲ್ಲಿ ಇರಲಿಲ್ಲ. ಅವನು ಕೆಂಪು ಪಟ್ಟಿಯ ಕೋಣೆಗೆ ನುಗ್ಗಿ, ವೈರಿನ ಪೈಪು ಕೂರಿಸುವ ಮೊದಲೇ ಗೋಡೆಯನ್ನೆಲ್ಲ ಕನ್ನಡಿಯಂತೆ ಸವರಿಬಿಟ್ಟ. ಮಜೀದ ಉಳಿ ಹಿಡಿದು ಅದನ್ನು ಒಡೆಯಬೇಕಾಯಿತು. ಮರುವಾರ ಮತ್ತೆ ಹಾಗೆಯೇ ಆಯಿತು.

ಇಂಜಿನಿಯರ್ ಶ್ರೀಪಾದರಾಯರು ಬಂದು ನೋಡಿ, "ಹೆಣ್ಣಮಗಳು ಹೇಳಿದ್ದು ಕೇಳಬಾರದು ಅಂತ ಹಟ ಮಾಡಾಕತ್ತಾನ. ಬ್ಯಾರೆಯವ್ರನ್ನ ಕರಸ್ರಿ" ಎಂದರು. ಹಾಜರಾಬಿಗೂ ಹಾಗೇ ಅನ್ನಿಸಿತ್ತು. ಸಂಜೆ ಅವನ ಲೆಕ್ಕ ಮುಗಿಸಿ ಕಳಿಸಿಬಿಡುವುದೆಂದು ನಿರ್ಧರಿಸಿದಳು.

ಮಧ್ಯಾಹ್ನ ಎಲ್ಲರೂ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದರು. ಯಾರೋ ಹೊಲದಿಂದ ತಂದ ಹಸಿಮೆಣಸಿನಕಾಯಿ ಬುಟ್ಟಿಯಲ್ಲಿದ್ದವು, ನಡುನಡುವೆ ಹಣ್ಣಾಗಿ ಕೆಂಪಾದವೂ ಇದ್ದವು. ಮಜೀದ, "ಶೇಖಚಾಚಾ, ಒಂದು ಕೆಂಪಂದು ಈಕಡೆ ಒಗೀರಿ" ಎಂದ. ಶೇಖಸಾಬ ಬುಟ್ಟಿಯನ್ನು ನೋಡಿದ. ಒಂದನ್ನು ಎತ್ತಿ ಇಟ್ಟ. ಇನ್ನೊಂದನ್ನು ಹಿಚುಕಿ ನೋಡಿದ. ಕೊನೆಗೆ ಬುಟ್ಟಿಯನ್ನೇ ಮಜೀದನ ಕಡೆ ಸರಿಸಿ, "ನಿನಗ ಬೇಕಾದ್ದು ನೀನ ತಗೋ" ಎಂದ.

ಹಾಜರಾಬಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

ಊಟವಾದ ಮೇಲೆ ಅವನನ್ನು ನೀರಿನ ತೊಟ್ಟಿಯ ಹತ್ತಿರ ಕರೆದು ಮೆಲ್ಲಗೆ ಕೇಳಿದಳು: "ನಿಮಗ ಕೆಂಪು, ಹಸರು ಎರಡೂ ಒಂದ ನಮೂನಿ ಕಾಣತಾವೇನ್ರಿ?"

ಅವನು ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡ. "ಸಣ್ಣಾಂವ ಇದ್ದಾಗಿಂದ ಹಂಗ ಐತಿ. ಮನ್ಯಾಗ ಹೇಣ್ತಿ ರಮಜಾನಬಿ ಒಬ್ಬಾಕಿಗೆ ಗೊತ್ತು. ಗಿಲಾವು ಆದ ಮ್ಯಾಲೆ ಬಣ್ಣಾ ಬಳಿಯೂ ಕೆಲಸಾನೂ ನಾನ ಹಿಡೀತೇನಿ. ಬಣ್ಣಾ ನೋಡಿ ಡಬ್ಬಿ ತುಂಬಿಸಿ ಕೊಡಾಕಿ ಆಕಿ. ಈ ಮಾತು ಹೊರಗ ಬಿದ್ರ ನನ್ನ ಯಾರೂ ಕರಿಯಂಗಿಲ್ಲ."

"ಮತ್ತ ಪಟ್ಟಿ ಕಟ್ಟಿದ ದಿನಾನ ಹೇಳಬಾರದಾ?"

"ಎಲ್ಲಾರ ಮುಂದ ಹೆಂಗ ಹೇಳ್ಲಿ?"

"ಈ ಮಾತು ನನ್ನ ಬಾಯಿಂದ ಹೊರಗ ಬರೂದಿಲ್ಲ. ಹೋಗಿ ಕೆಲಸಾ ಮಾಡ್ರಿ" ಎಂದಳು ಹಾಜರಾಬಿ. ಅವನನ್ನು ಹಟಮಾರಿ ಎಂದುಕೊಂಡದ್ದಕ್ಕೆ ಮನಸ್ಸು ಚುಚ್ಚಿತು. ಆದರೆ ಕೊರಗುತ್ತ ಕೂರುವ ಜಾಯಮಾನ ಅವಳದಲ್ಲ. ಅಂದೇ ಪಟ್ಟಿಗಳನ್ನೆಲ್ಲ ಬಿಚ್ಚಿ ಗಂಟು ಹಾಕಿ ಮತ್ತೆ ಕಟ್ಟಿದಳು: ಕೆಂಪಿಗೆ ಒಂದು, ಹಳದಿಗೆ ಎರಡು, ಹಸಿರಿಗೆ ಮೂರು.

ಶ್ರೀಪಾದರಾಯರು ಕೇಳಿದಾಗ, "ಬಿಸಲಿಗೆ ಬಣ್ಣ ಹಾರಿ ಹೋಗತಾವ್ರಿ. ಗಂಟು ಹೋಗೂದಿಲ್ಲ" ಎಂದಳು. ಅದೂ ನಿಜವೇ. ರಾಯರು ಒಂದು ಪಟ್ಟಿಯನ್ನು ಬೆರಳಲ್ಲಿ ಹಿಡಿದು ನೋಡಿ, "ಛಲೋ ಆತು. ಶೇಖಸಾಬ?" ಎಂದರು. "ಇರ್ತಾರ್ರಿ. ಇನ್ನ ತಪ್ಪಾದ್ರ ನನ್ನನ್ನ ಕೇಳ್ರಿ."

ತಪ್ಪಾಗಲಿಲ್ಲ. ಶಾಲೆ ಶುರುವಾಗುವ ಮೊದಲೇ ಹುಡುಗರ ಟ್ರಂಕುಗಳು ಆ ಕೋಣೆಗಳಿಗೆ ಬಂದವು. ಕೋಲೂರಿಕೊಂಡು ನೋಡಲು ಬಂದ ಹುಸೇನಸಾಬ ಗೋಡೆಗಳ ಮೇಲೆ ಅಂಗೈ ಆಡಿಸುತ್ತ ಸಾಲಿನ ಆ ತುದಿಯವರೆಗೂ ಹೋಗಿ ಬಂದು, "ಮುಂದಿನ ಕೆಲಸಾ ನಿನ್ನ ಹೆಸರಲೇ ಹಿಡಿ" ಎಂದ. ದುಂಡಸಿಯ ಗೋದಾಮು ಅವಳ ಹೆಸರಿನಲ್ಲೇ ಬಂತು. ಆಮೇಲೆ ಬಂಕಾಪುರದ ಮನೆಗಳು. ಎಲ್ಲ ಕಡೆಗೂ ಗಿಲಾವಿಗೆ ಶೇಖಸಾಬನೇ.

೧೯೮೫ರಲ್ಲಿ ಹತ್ತಿಮತ್ತೂರಿನಲ್ಲಿ ಕೆಲಸ ನಡೆದಿತ್ತು. ಹಿರೇಕೆರೂರಿನಿಂದ ಹೊಸದಾಗಿ ಬಂದಿದ್ದ ಬಡಿಗ ನರಸಿಂಹ ಪಟ್ಟಿಯನ್ನು ಎತ್ತಿ ತೋರಿಸಿ, "ಬಣ್ಣ ಇರೂವಾಗ ಈ ಗಂಟಿನ ಉಸಾಬರಿ ಯಾಕ್ರಿ?" ಎಂದು ಕೇಳಿದ. ಹಾಜರಾಬಿ ಎಂದಿನಂತೆ ಬಿಸಿಲಿನ ಮಾತು ಹೇಳಲು ಬಾಯಿ ತೆರೆದಳು.

ಪರಂಚಿಯ ಮೇಲಿದ್ದ ಶೇಖಸಾಬ ಕೈಯ ಕರಣೆ ನಿಲ್ಲಿಸದೆಯೇ ಹೇಳಿದ: "ನನಗ ಕೆಂಪು, ಹಸರು ತಿಳಿಯಂಗಿಲ್ಲಪಾ. ಅದಕ್ಕ ಹಾಕ್ಯಾರ."

ಗವಂಡಿಗಳೆಲ್ಲ ತಲೆಯೆತ್ತಿ ನೋಡಿದರು. ನರಸಿಂಹ, "ಹೌದೇನು? ನಮ್ಮ ಸ್ವಾದರಮಾವಗೂ ಹಂಗ ಐತ್ರಿ" ಎಂದವನೇ ಮೂರು ಗಂಟಿನ ಬಾಗಿಲು ಹುಡುಕಿಕೊಂಡು ಒಳಗೆ ಹೋದ. ಹಾಜರಾಬಿ ಸಿಮೆಂಟು ಕಲಸುವವರಿಗೆ ಇನ್ನೊಂದು ಕೊಡ ನೀರು ಹಾಕಲು ಹೇಳಿದಳು.