ಕೆಂಗೇರಿ ಹಿತ್ತಲಿನ ಕುಬ್ಜ ಮಿಡತೆಗಳು

ಕುಬ್ಜ ಮಿಡತೆ ಎಂದರೆ ಯಾರಿಗೂ ಗೊತ್ತಿಲ್ಲ. ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದು, ಇರುವುದು ಒದ್ದೆ ನೆಲದಲ್ಲಿ, ತಿನ್ನುವುದು ಪಾಚಿ. ಬೈನಾಕ್ಯುಲರ್ ಹಿಡಿದು ಹಕ್ಕಿ ನೋಡುವವರಿಗೆ ಸಿಗುವ ಮರ್ಯಾದೆ, ನೆಲಕ್ಕೆ ಮೂಗು ತಾಗಿಸಿ ಮಿಡತೆ ನೋಡುವ ನನ್ನಂಥ ಜೀವಶಾಸ್ತ್ರದ ಮೇಷ್ಟ್ರಿಗೆ ಇಲ್ಲ. "ಏನ್ ಸಾರ್, ಕೀ ಬಿದ್ದೋಯ್ತಾ?" ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿಹೋಗಿತ್ತು.

ಮಾರೇನಹಳ್ಳಿಯ ನಮ್ಮ ಮನೆ ಸುತ್ತ ಒಂದು ಹಿಡಿ ಒದ್ದೆ ಮಣ್ಣೂ ಉಳಿದಿಲ್ಲ. ಹುಡುಕಿ ಹುಡುಕಿ ಕಡೆಗೆ ಸಿಕ್ಕಿದ್ದು ಕೆಂಗೇರಿಯಲ್ಲಿ, ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿಕೊಂಡಿದ್ದ ಒಬ್ಬ ಅಜ್ಜಿಯ ಹಿತ್ತಲಲ್ಲಿ. ನೀರಿನ ತೊಟ್ಟಿ ಸೋರಿ ಅಲ್ಲೊಂದು ಮೂಲೆ ಹಸಿರುಗಟ್ಟಿತ್ತು. ಅಲ್ಲಿದ್ದ ಮಿಡತೆಗಳದ್ದೆಲ್ಲ ಒಂದೇ ಜಾತಿ. ಆದರೆ ಒಂದರ ಬೆನ್ನಿಗೆ ಬಿಳಿ ಗೆರೆ, ಇನ್ನೊಂದಕ್ಕೆ ಕಪ್ಪು ಚುಕ್ಕೆ, ಮತ್ತೊಂದು ಬರೀ ಮಣ್ಣಿನ ಬಣ್ಣ. ಬಿಳಿ ಗೆರೆಯವು ಪಾಚಿಯ ಮೇಲೆ, ಮಣ್ಣಿನ ಬಣ್ಣದವು ಕೆಸರಿನಲ್ಲಿ. ಮಳೆಗಾಲದ್ದೆಲ್ಲ ದಾಖಲಾಗಿತ್ತು. ಬೇಸಿಗೆಯಲ್ಲಿ ಪಾಚಿ ಒಣಗಿದಾಗ ಬಿಳಿ ಗೆರೆಯವು ಎಲ್ಲಿಗೆ ಹೋಗುತ್ತವೆ ಎಂಬುದೊಂದೇ ಬಾಕಿ. ಅದು ಸಿಗದಿದ್ದರೆ ನನ್ನ ಅಷ್ಟೂ ಭಾನುವಾರಗಳು ನೀರಲ್ಲಿ ಹೋಮ ಮಾಡಿದಂತೆ.

ಅಜ್ಜಿಗೆ ನೂರು ಸಲ ಹೇಳಿದ್ದೆ: ಬ್ಲೀಚಿಂಗ್ ಪುಡಿ ಹಾಕಬೇಡಿ, ತೊಟ್ಟಿ ರಿಪೇರಿ ಮಾಡಿಸಬೇಡಿ. ಅವರ ತಲೆನೋವೇ ಬೇರೆ. ಮನೆಗೆ ಬಂದವರು ಕುಕ್ಕರುಗಾಲಲ್ಲಿ ಕೂರುವುದು ಅವರ ಪಾಲಿಗೆ ಮನೆತನಕ್ಕೇ ಅವಮಾನ. "ಮೇಷ್ಟ್ರೇ, ನೋಡ್ದೋರು ಏನಂದಾರು? ಒಂದ್ ಚಾಪೆನಾದ್ರೂ ಹಾಕ್ಸ್ತೀನಿ ತಡೀರಿ" ಎನ್ನುವರು. ನಾನು ಬೇಡ ಎಂದರೆ, ಪಾಪ ಸಂಕೋಚ ಎಂದುಕೊಳ್ಳುವರು.

ಪರೀಕ್ಷೆ ಪೇಪರು ತಿದ್ದುವ ಗಡಿಬಿಡಿಯಲ್ಲಿ ಕೆಲವು ವಾರ ಹೋಗಲಾಗಲಿಲ್ಲ. ಶಿವರಾತ್ರಿ ಕಳೆದ ಮೇಲೆ ಹೋದರೆ ಅಜ್ಜಿ ಗೇಟಿನಲ್ಲೇ ನಗುತ್ತಾ ನಿಂತಿದ್ದರು. "ಬನ್ನಿ ಬನ್ನಿ. ತೊಟ್ಟಿ ಮುಟ್ಟಿಲ್ಲ ಕಣ್ರೀ, ನೀವ್ ಹೇಳ್ದಂಗೇ" ಅಂದರು. ಹಿತ್ತಲಿಗೆ ಹೋಗಿ ನೋಡಿದರೆ, ಮೂಲೆಯನ್ನು ಕೆರೆಸಿ, ಸಿಮೆಂಟು ಬಳಿಸಿ, ಕಡಪ ಕಲ್ಲಿನ ಬೆಂಚು ಹಾಕಿಸಿದ್ದರು. ಸೋರುವ ನೀರು ಪೈಪಿನಲ್ಲಿ ಸೀದಾ ಚರಂಡಿಗೆ ಹೋಗುತ್ತಿತ್ತು.

ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಅವರು ಸೆರಗಿನಿಂದ ಕಲ್ಲಿನ ಧೂಳು ಒರೆಸಿ, "ಇಷ್ಟ್ ದಿನ ಮಂಡಿ ನೋಯಿಸ್ಕೊಂಡ್ರಿ. ಇನ್ಮೇಲೆ ಆರಾಮಾಗಿ ಕೂತ್ಕೊಂಡು ನೋಡಿ" ಅಂದರು.

ಕೂತೆ. ಕಾಫಿ ಬಂತು, ಕುಡಿದೆ. ಅಜ್ಜಿ ಎದುರಿಗೇ ನಿಂತಿದ್ದರಿಂದ ತಲೆ ಬಗ್ಗಿಸಿ ಸಿಮೆಂಟು ನೋಡಿದೆ.

"ಕಾಣ್ತಾವಾ ಮೇಷ್ಟ್ರೇ?"

"ಹೂಂ ಅಜ್ಜಿ, ಚೆನ್ನಾಗಿ ಕಾಣ್ತಾವೆ" ಅಂದೆ.