ಬೇಲಿಯ ಹೊರಗೆ ನಿಂತ ಫಾದರ್

ತಿಪಟೂರಿನ ನಮ್ಮ ಸಣ್ಣ ಚರ್ಚಿಗೆ ಬಂದ ಆ ಫಾದರ್ ಕರಾವಳಿಯವರು. ಅಟ್ಟದ ತೆಂಗಿನಕಾಯಿಯ ನೀರು ಒಣಗಿ ಕೊಬ್ಬರಿಯಾಯಿತೇ ಎಂದು ನಾವು ಕಿವಿಯ ಬಳಿ ಕುಲುಕಿ ನೋಡುವುದನ್ನು ಬಂದ ವರ್ಷವೇ ಕಲಿತರು. ಆಮೇಲೆ ಪಾಪನಿವೇದನೆ ಕೇಳುವಾಗಲೂ ಅದೇ ಪರೀಕ್ಷೆ. ನಾವು ಮಂಡಿಯೂರಿ ಸಣ್ಣಪುಟ್ಟದ್ದನ್ನು ಹೇಳಿ ಮುಗಿಸಿದರೆ, ಕಿವಿ ವಾಲಿಸಿ, "ಒಳಗೆ ಇನ್ನೂ ನೀರಿದೆ, ಹೇಳಿ" ಎನ್ನುತ್ತಿದ್ದರು.

ಒಂದು ಈಸ್ಟರಿನ ಮುಂಚೆ ನಾನೂ ಬಾಯಿಬಿಟ್ಟೆ. ಪಕ್ಕದ ತೋಟದ ಗೆಳೆಯನ ಮರವೊಂದು ನಮ್ಮ ಕಡೆ ವಾಲಿತ್ತು. ಬಿದ್ದ ಕಾಯಿಯನ್ನೆಲ್ಲ ಹನ್ನೆರಡು ವರ್ಷ ನನ್ನ ಅಟ್ಟಕ್ಕೇ ಹಾಕಿದ್ದೆ.

"ಅವರಿಗೆ ಹೇಳಿದಿರಾ?"

"ದೇವರಿಗೇ ಹೇಳ್ತಾ ಇದೀನಲ್ಲ, ಫಾದರ್."

"ಕಾಯಿ ದೇವರ ತೋಟದ್ದಲ್ಲವಲ್ಲ. ನಡೆಯಿರಿ, ನಾನೂ ಬರ್ತೀನಿ."

ಅವರು ಬೇಲಿಯ ಹೊರಗೆ ನಿಂತರು. ನಾನು ಒಳಗೆ ಹೋದೆ. ನಲವತ್ತು ವರ್ಷದ ಗೆಳೆತನ ಇವತ್ತಿಗೆ ಮುಗಿಯಿತು ಎಂದುಕೊಂಡೇ ಎಲ್ಲ ಹೇಳಿ ಕ್ಷಮೆ ಕೇಳಿದೆ. ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ, ಬುಡ್ಲಾ! ನಿನ್ ತೋಟದ ಮೂಲೇಲಿ ಎರಡು ಮರ ನನ್ ಕಡೀಕೆ ವಾಲ್ಕೊಂಡವಲ್ಲ, ಅದ್ರ ಕಾಯೆಲ್ಲಾ ಎಲ್ಲೋಗ್ತವೆ ಅನ್ಕಂಡಿದ್ದೆ?"

ನಾನು ಹೊರಗೆ ಬಂದೆ.

"ಕ್ಷಮಿಸಿದರಾ?" ಎಂದು ಫಾದರ್ ಕೇಳಿದರು.

"ಅವನು ಕ್ಷಮಿಸಿದ, ಫಾದರ್. ಆದ್ರೆ ಆ ಕಳ್ಳ ನನ್ಮಗನ್ನ ನಾನು ಈ ಜನ್ಮದಲ್ಲಿ ಕ್ಷಮಿಸಲ್ಲ. ಅವನದು ಒಂದೇ ಮರ, ನಂದು ಎರಡು!"

ಫಾದರ್ ಪಾಪನಿವೇದನೆ ಕೇಳುವಾಗ ತೊಡುವ ನೇರಳೆ ಪಟ್ಟಿಯನ್ನು ಜೇಬಿನಿಂದ ತೆಗೆದು, ಕೊರಳಿಗೆ ಹಾಕಿಕೊಂಡು, ಅಲ್ಲೇ ಬದುವಿನ ಮೇಲೆ ಕುಳಿತರು.